ಅನ್ನದ ಅಮಲು

ಹೋದ ವಾರ ತವರಿಗೆ ಹೋಗಿ ಬರುವಾಗ ಮಲ್ಲಂದೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಬಸ್ಸು ನಿಂತಿತು. ಎಸ್ಟೇಟಿನ ಗೇಟಿನಲ್ಲಿ ಟ್ರ್ಯಾಕ್ಟರೊಂದು ಅಡ್ಡ ನಿಂತು ದಾರಿ ಕಟ್ಟಿತ್ತು. ನಿಂತ ಬಸ್ಸಿನೊಳಗೆ ಹಣ್ಣು ಸುಲಿಯುವ ಪಲ್ಪರ್ ಮನೆಯ ವಾಸನೆ ಮೆಲ್ಲಗೆ ತುಂಬಿಕೊಂಡಿತು. ಕಾಫಿ ಹಣ್ಣಿನ ಸಿಪ್ಪೆ ರಾಶಿ ಬಿದ್ದು, ನೆನೆದು, ಹುಳಿಯೇರಿ ಬರುವ ವಾಸನೆ ಅದು. ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಯಾವ ರಸ್ತೆಯಲ್ಲಿ ಹೋದರೂ ಇದ್ದದ್ದೇ. ಇಲ್ಲಿ ಹುಟ್ಟಿದವರ ಮೂಗಿಗೆ ಅದು ಗೊತ್ತೂ ಆಗುವುದಿಲ್ಲ. ನನ್ನ ಪಕ್ಕ ಕೂತಿದ್ದವರು ಬಯಲುಸೀಮೆಯವರಿರಬೇಕು. ಸೆರಗನ್ನು ಮೂಗಿಗೆ ಒತ್ತಿಕೊಂಡು, ಯಾರೋ ಕುಡಿದು ಬಂದು ಕೂತಿದ್ದಾರೆ ನೋಡಿ ಎಂದರು. ನಾನು ಕಿಟಕಿಯ ಗಾಜು ಎಳೆದು ಮುಚ್ಚಿದೆ. ಆ ವರ್ಷ ನೆನಪಾಯಿತು.

ನೆನಪಾಯಿತು ಎಂದರೆ ಅಳು ಬಂತು, ಸಿಟ್ಟು ಬಂತು ಎಂದೇನಲ್ಲ. ಆ ವರ್ಷದ ಬಗ್ಗೆ ನನಗೆ ಆಗಲೂ ಹೆಚ್ಚೇನೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕಾಲು ಮಡಿಸಿ ತುಂಬ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕಾಲು ಮುಟ್ಟಿದ ಹಾಗೆ. ಹಾಗೆ ಅದು. ಆದರೆ ನಡೆದದ್ದೆಲ್ಲ ನೆನಪಿದೆ.

ಆಗ ನಾನು ಮೂಡಿಗೆರೆಯಲ್ಲಿ ಒಂದು ಶಾಲೆಯ ವ್ಯಾನು ಓಡಿಸುತ್ತಿದ್ದೆ. ಅಪ್ಪ ಸಣ್ಣ ಬೆಳೆಗಾರರು. ಮದುವೆಗೆ ಮುಂಚೆಯೇ ತೋಟದ ಜೀಪಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದ್ದರು. ಮದುವೆಯಾಗಿ ಬಂದದ್ದು ಪೇಟೆಯ ಮನೆಗೆ. ನನ್ನ ಗಂಡ ಮಹೇಶ್ ಅವರದು ಪಂಪು, ಪೈಪು, ಸ್ಪ್ರಿಂಕ್ಲರ್ ಸಾಮಾನಿನ ಅಂಗಡಿ. ಅತ್ತೆ ಗೌರಮ್ಮ ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕಿದವರಲ್ಲ. ಮಾಂಸ, ಮದ್ಯ ಎರಡೂ ಹೊಸಿಲು ದಾಟಿ ಬಂದಿರದ ಮನೆ. ಶಾಲೆಯ ಹಳೆಯ ಡ್ರೈವರ್ ಕಣ್ಣಿನ ಪೊರೆಯಿಂದ ಕೆಲಸ ಬಿಟ್ಟಾಗ ಹೆಡ್ ಮಿಸ್ ಲಲಿತಾ ಮೇಡಂ, ಹೊಸಬರು ಸಿಗುವವರೆಗೆ ನೀವು ಓಡಿಸ್ತೀರಾ ಎಂದು ಸುಮ್ಮನೆ ಕೇಳಿದ್ದರು. ನಾನು ಹೂಂ ಎಂದೆ. ಅತ್ತೆ ಒಂದು ವಾರ ಮಾತಾಡಲಿಲ್ಲ. ಆಮೇಲೆ ಬೀದಿಯವರ ಹತ್ತಿರ ಅವರೇ, ನಮ್ಮ ಶಶಿಕಲಾ ಗಂಡಸರಿಗಿಂತ ಚೆನ್ನಾಗಿ ಓಡಿಸ್ತಾಳೆ ಎಂದು ಹೇಳಿಕೊಳ್ಳತೊಡಗಿದರು. ಹೊಸ ಡ್ರೈವರನ್ನು ಆಮೇಲೆ ಯಾರೂ ಹುಡುಕಲಿಲ್ಲ. ಪೇಟೆಯ ಮಕ್ಕಳದು ಒಂದು ಟ್ರಿಪ್ಪು, ಎಸ್ಟೇಟ್ ಕಡೆಯ ಮಕ್ಕಳದು ಇನ್ನೊಂದು. ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸಲು ಯಶೋದಾ ಇದ್ದಳು. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದ ಹುಡುಗಿ, ನನಗಿಂತ ತುಂಬ ಚಿಕ್ಕವಳು, ನನ್ನ ಪಕ್ಕದ ಸೀಟಿನಲ್ಲೇ ಕೂರುತ್ತಿದ್ದಳು.

ಆ ವರ್ಷದ ಮಳೆಗಾಲದ ಶುರುವಿನಲ್ಲಿ ನನಗೆ ಚಿಕ್ಕಮಗಳೂರಿನಲ್ಲಿ ಗರ್ಭಕೋಶ ತೆಗೆಯುವ ಆಪರೇಷನ್ ಆಯಿತು. ಹೊಲಿಗೆ ಹಾಕಿದಲ್ಲಿ ಕೀವಾಯಿತು. ಒಂದು ಆಂಟಿಬಯೋಟಿಕ್ ಮುಗಿದರೆ ಇನ್ನೊಂದು, ಅದು ನಾಟದಿದ್ದರೆ ಮತ್ತೊಂದು. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು, ನಾನು ಒಳಗೆ ಮಾತ್ರೆ ನುಂಗುತ್ತ ಮಲಗಿದ್ದೆ. ನವರಾತ್ರಿ ಕಳೆದ ಮೇಲೆ ಗಾಯ ಒಣಗಿತು, ವ್ಯಾನಿಗೆ ಮರಳಿದೆ.

ಮರಳಿದ ಮೇಲೆ ನಾನು ಮೊದಲಿನ ಹಾಗೆ ಇರಲಿಲ್ಲ. ಊಟವಾಗಿ ಸ್ವಲ್ಪ ಹೊತ್ತಿಗೆ ತಲೆ ಭಾರ, ನಾಲಿಗೆ ದಪ್ಪ. ಹೇಳಬೇಕಾದ ಮಾತು ಬಾಯಿಯ ತನಕ ಬಂದು ಜಾರಿಬಿಡುತ್ತಿತ್ತು. ಕಾರಣವಿಲ್ಲದೆ ನಗು ಬರುತ್ತಿತ್ತು, ಆಮೇಲೆ ಸಂಜೆ ಎಲ್ಲಿಲ್ಲದ ಸುಸ್ತು. ಒಂದು ದಿನ ಎಸ್ಟೇಟಿನ ಗೇಟಿನ ಕಲ್ಲುಕಂಬಕ್ಕೆ ವ್ಯಾನಿನ ಪಕ್ಕ ಉಜ್ಜಿತು. ಎಷ್ಟೋ ವರ್ಷ ಕಣ್ಣು ಮುಚ್ಚಿ ನುಗ್ಗಿಸಿದ ಗೇಟು ಅದು. ಆಪರೇಷನ್ನಿನ ನಿಶ್ಶಕ್ತಿ ಎಂದರು ಎಲ್ಲರೂ. ನಾನೂ ಹಾಗೇ ತಿಳಿದೆ. ಡಾಕ್ಟರು ರಕ್ತ ಹೆಚ್ಚಾಗಲು ಟಾನಿಕ್ ಬರೆದರು. ಅತ್ತೆ ಬೆಲ್ಲದ ಪಾಯಸ, ಬಾಳೆಹಣ್ಣಿನ ರಸಾಯನ ಮಾಡಿ ಮಾಡಿ ಬಡಿಸಿದರು.

ಡಿಸೆಂಬರಿನ ಒಂದು ಬೆಳಿಗ್ಗೆ. ರಸ್ತೆಯ ಮೇಲೆ ಇನ್ನೂ ಮಂಜು ಕೂತಿತ್ತು. ಎಸ್ಟೇಟ್ ಟ್ರಿಪ್ಪಿನ ಮಕ್ಕಳೆಲ್ಲ ವ್ಯಾನಿನಲ್ಲಿದ್ದರು. ಪೇಟೆಗೆ ಬರುವ ದಾರಿಯಲ್ಲಿ ಪೊಲೀಸರು ಶಾಲೆಯ ಗಾಡಿಗಳನ್ನು ನಿಲ್ಲಿಸಿ ಡ್ರೈವರ್‌ಗಳ ಬಾಯಿಗೆ ಯಂತ್ರ ಹಿಡಿಯುತ್ತಿದ್ದರು. ಬೇರೆಲ್ಲೋ ಯಾವನೋ ಕುಡಿದು ಶಾಲೆ ಬಸ್ಸು ಓಡಿಸಿ ಸಿಕ್ಕಿಬಿದ್ದಿದ್ದನಂತೆ. ಸಬ್ ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿ, ನೀವು ಹೋಗಿ ಮೇಡಂ ಎಂದು ಕೈ ಬೀಸಿದರು. ಹಿಂದಿನಿಂದ ಮಕ್ಕಳು, ಆಂಟಿ ನೀವೂ ಊದಿ, ಆಂಟಿ ಊದಿ ಎಂದು ಕೂಗತೊಡಗಿದವು. ನನಗೆ ಅದೊಂದು ಆಟದ ಹಾಗೆ ಕಂಡಿತು. ಹೆಂಗಸೆಂದು ಬಿಟ್ಟರು ಅನ್ನಿಸಿಕೊಳ್ಳುವುದೂ ಬೇಡವಾಗಿತ್ತು. ಗಾಜು ಇಳಿಸಿ, ಪರವಾಗಿಲ್ಲ ಸಾರ್, ನನ್ನದೂ ನೋಡಿಬಿಡಿ ಎಂದೆ.

ಊದಿದೆ. ಯಂತ್ರ ಕೀ ಎಂದಿತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಇನ್ನೊಂದು ಕೊಳವೆ ಹಾಕಿ ಮತ್ತೆ ಊದಿಸಿದರು. ಆಮೇಲೆ ಇನ್ನೊಂದು ಯಂತ್ರ ತರಿಸಿ ಊದಿಸಿದರು. ಮೂರನೆಯ ಸಲಕ್ಕೆ ಮಕ್ಕಳ ಗಲಾಟೆ ನಿಂತಿತ್ತು.

"ಮೇಡಂ, ಸ್ವಲ್ಪ ಕೆಳಗೆ ಇಳೀರಿ," ಎಂದರು ಮೆಲ್ಲಗೆ.

ಯಶೋದಾ ನನಗಿಂತ ಮೊದಲು ಇಳಿದಳು. ಅಕ್ಕ ಅಂಥವರಲ್ಲ ಸಾರ್, ಅವರ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ ಎಂದಳು. ಆದರೆ ಹೇಳುವಾಗ ನನ್ನ ಕಡೆ ನೋಡಲಿಲ್ಲ. ಅದು ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು, ಅರ್ಥ ಮಾತ್ರ ಆಗಿರಲಿಲ್ಲ. ಮಕ್ಕಳನ್ನು ಬೇರೆ ಗಾಡಿಗೆ ಹತ್ತಿಸಿದರು. ಕಿಟಕಿಗಳಲ್ಲಿ ಸಾಲಾಗಿ ಮುಖಗಳು ನನ್ನನ್ನೇ ನೋಡುತ್ತ ಹೋದವು.

ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ರಕ್ತ ತೆಗೆಯುವ ನರ್ಸ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಲು ಹೋದಾಗ ಅಲ್ಲಿದ್ದ ಡಾಕ್ಟರು, ಸ್ಪಿರಿಟ್ ಬೇಡ, ರಿಪೋರ್ಟ್ ಕೆಡುತ್ತೆ ಎಂದು ತಡೆದರು. ಅಷ್ಟು ಎಚ್ಚರಿಕೆಯಿಂದ ತೆಗೆಯುತ್ತಿದ್ದಾರಲ್ಲ ಎಂದು ನನಗೆ ಸಮಾಧಾನವಾಯಿತು. ಯಂತ್ರ ತಪ್ಪಿರಬಹುದು, ರಕ್ತ ತಪ್ಪುವುದಿಲ್ಲ. ರಕ್ತದ ರಿಪೋರ್ಟ್ ಬಂದ ದಿನ ಎಲ್ಲ ಮುಗಿಯುತ್ತದೆ ಎಂದುಕೊಂಡೆ. ಬೆಳಿಗ್ಗೆ ಏನು ಸೇವಿಸಿದ್ದಿರಿ ಎಂದು ಕೇಳಿದ್ದಕ್ಕೆ ಅಕ್ಕಿರೊಟ್ಟಿ, ಬೆಲ್ಲ, ಎರಡು ಬಾಳೆಹಣ್ಣು ಎಂದೆ. ಪೇದೆಯೊಬ್ಬ ಮುಖ ತಿರುಗಿಸಿಕೊಂಡು ನಕ್ಕ.

ಮೂಡಿಗೆರೆ ದೊಡ್ಡ ಊರಲ್ಲ. ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಮಹೇಶ್ ಅಂಗಡಿ ಬಾಗಿಲು ಹಾಕಿ ಬಂದು ಜಗುಲಿಯಲ್ಲಿ ಕೂತಿದ್ದರು. ಅತ್ತೆ ಒಳಗೆ. ನಾನು ಕುಡಿದಿಲ್ಲ ಎಂದೆ. ಮಹೇಶ್ ಗೊತ್ತು ಎಂದರು. ಅವತ್ತಿನಿಂದ ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ, ಕೇಳಲಿಲ್ಲ. ಅತ್ತೆ ದೇವರ ಕೋಣೆಯ ಕೆಲಸ ತಾವೇ ಮಾಡಿಕೊಳ್ಳತೊಡಗಿದರು, ಅಷ್ಟೇ. ಹೂ ಕಟ್ಟಲು ಹೋದರೆ, ಇರಲಿ ಬಿಡು, ನಾನು ಕಟ್ತೀನಿ ಎನ್ನುತ್ತಿದ್ದರು. ಅಕ್ಕಿಯ ಡಬ್ಬ, ಸೌದೆಯ ಮೂಲೆ, ಅಟ್ಟದ ಮೇಲಿನ ಪಾತ್ರೆಗಳು ನಾನು ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ಯಾರೋ ಹುಡುಕುತ್ತಿದ್ದರು.

ಲಲಿತಾ ಮೇಡಂ ಫೋನು ಮಾಡಿ, ಪೋಷಕರೆಲ್ಲ ಬಂದು ಕೂತಿದ್ದಾರೆ, ಸದ್ಯಕ್ಕೆ ನೀವು ಬರೋದು ಬೇಡ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರ ಇತ್ತು. ಆ ಕನಿಕರ ಎಲ್ಲ ಕಡೆಯೂ ಇತ್ತು. ತರಕಾರಿ ಅಂಗಡಿಯಲ್ಲಿ, ಕ್ಷೌರದ ಅಂಗಡಿಯ ಮುಂದೆ, ಮನೆಯ ಮೆಟ್ಟಿಲು ಇಳಿಯುವಾಗ. ಆಪರೇಷನ್ ಆದ ಮೇಲೆ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಪಾಪ ಎಂದು ನನ್ನ ಬೆನ್ನ ಹಿಂದೆ ಹೆಂಗಸರು ಆಡಿಕೊಳ್ಳುವುದು ಕೇಳಿಸುತ್ತಿತ್ತು.

ಹೊಸ ವರ್ಷದ ಹೊತ್ತಿಗೆ ಯಶೋದಾ ಮನೆಗೆ ಬಂದಳು. ಹಿತ್ತಲಿನಲ್ಲಿ ನಾನು ಬಟ್ಟೆ ಹರವುತ್ತಿದ್ದೆ. ಅವಳೂ ಬಕೆಟ್ಟಿನಿಂದ ಒಂದೊಂದೇ ಬಟ್ಟೆ ಎತ್ತಿ ಹಿಂಡಿ ಕೊಡುತ್ತ ನಿಂತಳು. ಬಟ್ಟೆ ಮುಗಿದ ಮೇಲೆ ಹೇಳಿದಳು.

"ಅಕ್ಕ, ವಾಸನೆ ಬರ್ತಿತ್ತು. ಮೊದ್ಲು ಪಲ್ಪರ್ ಕಡೆಯದ್ದು ಅಂದ್ಕೊಂಡೆ. ಗಾಜು ಮುಚ್ಚಿದ್ರೂ ಬರ್ತಿತ್ತು."

"ಯಾವಾಗಿಂದ?"

"ದೀಪಾವಳಿಯಿಂದ ಇರಬೇಕು. ನಮ್ಮಪ್ಪ ಕುಡೀತಿದ್ರಲ್ಲ, ನಂಗೆ ಗೊತ್ತಾಗುತ್ತೆ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ ಮಾರಾಯ್ತಿ?"

ನಿಮಗೂ ಏನೋ ನೋವಿರುತ್ತೆ ಅಂತ ಸುಮ್ಮನಿದ್ದೆ ಎಂದಳು. ಕೈ ಒರೆಸಿಕೊಂಡು ಹೋದಳು. ನಾನು ಅಲ್ಲೇ ನಿಂತು ಅಂಗೈಯನ್ನು ಬಾಯಿಗೆ ಹಿಡಿದು ಉಸಿರು ಬಿಟ್ಟು ಮೂಸಿದೆ. ನನಗೆ ಸೋಪಿನ ವಾಸನೆ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಪ್ರಯೋಗಾಲಯದಿಂದ ರಕ್ತದ ರಿಪೋರ್ಟ್ ಬಂತು. ಮದ್ಯದ ಅಂಶ ಇದೆ ಎಂದಿತ್ತು. ಕಾನೂನು ಬಿಡುವ ಮಿತಿಗಿಂತ ಬಹಳ ಮೇಲೆ.

ಕೇಸಿಗೆ ಮಹೇಶ್ ಹಿಡಿದ ವಕೀಲರು ಒಳ್ಳೆಯವರು. ಹಲ್ಲಿನ ನಡುವೆ ಅಡಿಕೆಚೂರು ಕಚ್ಚಿಕೊಂಡು, ತಪ್ಪೊಪ್ಪಿಕೊಂಡರೆ ದಂಡ ಕಟ್ಟಿ ಒಂದೇ ದಿನದಲ್ಲಿ ಮುಗಿಸಿಬಿಡಬಹುದು ಎಂದರು. ಇಲ್ಲದಿದ್ದರೆ ಎಳೆಯುತ್ತೆ ಅಮ್ಮ, ಎಲ್ಲರೆದುರು ನಿಲ್ಲಬೇಕಾಗುತ್ತೆ ಎಂದರು. ಮಹೇಶ್ ನನ್ನ ಮುಖ ನೋಡಿದರು. ಒಪ್ಪಿಬಿಡು ಎಂದು ಅವರ ಕಣ್ಣು ಹೇಳುತ್ತಿತ್ತು. ನಾನು ಒಪ್ಪುವುದಿಲ್ಲ ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಮಾಡದ್ದನ್ನು ಮಾಡಿದೆ ಎಂದು ಹೇಳಲು ಬಾಯಿ ಬರಲಿಲ್ಲ, ಅಷ್ಟೇ.

ಆದರೆ ಒಳಗೊಳಗೆ ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು. ಯಂತ್ರ ಹೇಳಿತು, ಯಶೋದಾ ಹೇಳಿದಳು, ಈಗ ರಕ್ತವೂ ಹೇಳುತ್ತಿದೆ. ಹಾಗಾದರೆ ನಾನೇ ಎಲ್ಲೋ ಕುಡಿದು ಮರೆಯುತ್ತಿದ್ದೇನೆಯೇ? ಕೆಲವರು ನಿದ್ದೆಯಲ್ಲಿ ಎದ್ದು ನಡೆಯುತ್ತಾರಂತೆ. ಒಂದು ಮಧ್ಯಾಹ್ನ ನಾನೇ ಅಟ್ಟ ಹತ್ತಿ ಬಾಟಲಿ ಹುಡುಕಿದೆ. ಹಳೆಯ ತಾಮ್ರದ ಹಂಡೆಯೊಳಗೆ ಕೈಯಾಡಿಸಿ ನೋಡಿದೆ. ಸಿಕ್ಕಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಆಮೇಲೆ ಅದೂ ಅನ್ನಿಸಲಿಲ್ಲ. ಬೆಳಿಗ್ಗೆ ಏಳುವುದು, ಅಡಿಗೆ ಮಾಡುವುದು, ಉಣ್ಣುವುದು, ಮಲಗುವುದು. ಶಾಲೆಯ ವ್ಯಾನು ಮನೆಯ ಮುಂದೆ ಹಾದುಹೋಗುವ ಸದ್ದು ಕೇಳಿದರೆ ಕಿಟಕಿಯ ಹತ್ತಿರವೂ ಹೋಗುತ್ತಿರಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ, ಮಹೇಶ್ ಅವರನ್ನು ಅಂಗಡಿಗೆ ಕಳಿಸಿ, ಮುಂಬಾಗಿಲಿಗೆ ಚಿಲಕ ಹಾಕಿದರು. ಅಡಿಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತರು.

"ನೋಡು ಶಶಿ. ಇವತ್ತು ನಿನ್ನ ಬಿಟ್ಟು ನಾನು ಏಳಲ್ಲ. ನೀ ಏನು ತಿಂತೀಯೋ ಅದನ್ನೇ ನಾನೂ ತಿಂತೀನಿ, ನೀ ಕುಡಿಯೋ ನೀರನ್ನೇ ನಾನೂ ಕುಡೀತೀನಿ. ಸಂಜೆ ತನಕ. ಇವತ್ತು ಗೊತ್ತಾಗಿಬಿಡ್ಲಿ."

ಆಯಿತು ಎಂದೆ. ನನಗೆ ಅವಮಾನ ಅನ್ನಿಸಲಿಲ್ಲ. ಯಾರಾದರೂ ನೋಡಿ ಹೇಳಲಿ ಎಂದಷ್ಟೇ ಇತ್ತು.

ಅತ್ತೆ ಹೇಳಿದ ಹಾಗೇ ಮಾಡಿದರು. ನಾನು ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿನಲ್ಲಿ ನಿಂತರು. ಹಿತ್ತಲಿಗೆ ಹೋದರೆ ಮಂಡಿ ಹಿಡಿದುಕೊಂಡು ಹಿಂದೆಯೇ ಬಂದರು. ಬೆಳಿಗ್ಗೆ ಕಡುಬು, ಕಾಯಿಚಟ್ನಿ. ಇಬ್ಬರದೂ ಒಂದೇ ತಟ್ಟೆ. ಮಧ್ಯಾಹ್ನ ಅನ್ನ ಸಾರು, ಹಿಂದಿನ ದಿನ ಉಳಿದಿದ್ದ ಸಿಹಿ ಹುಗ್ಗಿ, ಬಾಳೆಹಣ್ಣು. ಊಟದ ಮೇಲೆ ಎಳ್ಳುಬೆಲ್ಲ ತಿನ್ನುತ್ತ ನಡುಮನೆಯಲ್ಲಿ ಎದುರುಬದುರು ಕೂತೆವು. ಅತ್ತೆ ತಮ್ಮ ತವರಿನ ಹಳೆಯ ಕಥೆ ಹೇಳುತ್ತಿದ್ದರು. ನಾನು ನಡುವೆ ಏನೋ ಹೇಳಿದೆ. ಹೇಳಿದ್ದು ಮಾತಾಗಲಿಲ್ಲ. ಮತ್ತೆ ಹೇಳಹೊರಟು ನಗು ಬಂತು, ನಿಲ್ಲಲಿಲ್ಲ. ನೀರು ತರಲು ಎದ್ದವಳು ಬಾಗಿಲಿನ ಚೌಕಟ್ಟಿಗೆ ಭುಜ ಹೊಡೆದುಕೊಂಡೆ. ಚೊಂಬು ಕೈಜಾರಿತು.

ಅತ್ತೆ ಎದ್ದು ಬಂದರು. ನನ್ನ ಗಲ್ಲ ಹಿಡಿದು ಮುಖ ಎತ್ತಿ, ಬಾಯಿ ತೆಗಿ ಎಂದರು. ತೆಗೆದೆ. ಹತ್ತಿರ ಬಗ್ಗಿ ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ನನ್ನನ್ನು ಚಾಪೆಯ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ಒಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಗನಿಗೆ ಮಾಡಿಸಿದರು. ನಂಬರು ಒತ್ತಿದ್ದು ನಾನೇ, ಎರಡು ಸಲ ತಪ್ಪಾಗಿ.

ಮಹೇಶ್ ಓಡಿಬಂದರು. ಅತ್ತೆ ಎದ್ದು ನಿಂತು ಹೇಳಿದರು.

"ಇವಳು ಏನೂ ಕುಡಿದಿಲ್ಲ. ಬೆಳಿಗ್ಗೆಯಿಂದ ನಾನು ಬಿಟ್ಟು ಎದ್ದಿಲ್ಲ. ಇವಳು ತಿಂದದ್ದೇ ನಾನೂ ತಿಂದಿದ್ದೀನಿ. ಇದು ಕುಡಿತ ಅಲ್ಲ ಮಹೇಶ, ಕಾಯಿಲೆ. ನಾಳೆನೇ ದೊಡ್ಡಾಸ್ಪತ್ರೆಗೆ ಹೊರಡು."

ಮಹೇಶ್ ನನ್ನ ಎದುರು ಕೂತರು. ನಾನು ಅಟ್ಟದ ಮೇಲೆಲ್ಲ ಹುಡುಕಿದ್ದೆ ಶಶಿ ಎಂದರು. ಗೊತ್ತು ಎಂದೆ. ನಾನೂ ಹುಡುಕಿದ್ದೆ ಎಂದು ಹೇಳಬೇಕೆಂದಿತ್ತು, ನಾಲಿಗೆ ತಿರುಗಲಿಲ್ಲ. ಅತ್ತೆ ಅವತ್ತು ಸಂಜೆ ದೇವರ ದೀಪ ಹಚ್ಚಲು ನನ್ನನ್ನೇ ಕಳಿಸಿದರು. ಕಡ್ಡಿ ಗೀರಲು ಕೈ ನಿಲ್ಲದಿದ್ದಾಗ ಹಿಂದಿನಿಂದ ಬಂದು ಕೈ ಹಿಡಿದು ಹಚ್ಚಿಸಿದರು.

ಚಿಕ್ಕಮಗಳೂರಿನಲ್ಲಿ ಮೊದಲು ನೋಡಿದ ಡಾಕ್ಟರು ಎಲ್ಲ ಕೇಳಿಸಿಕೊಂಡು ಮಹೇಶ್ ಅವರ ಹತ್ತಿರ ಇಂಗ್ಲಿಷಿನಲ್ಲಿ ಏನೋ ಹೇಳಿ, ಕುಡಿತ ಬಿಡಿಸುವ ಕೇಂದ್ರವೊಂದರ ವಿಳಾಸ ಬರೆದುಕೊಟ್ಟರು. ಅತ್ತೆ ಆ ಚೀಟಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಎದ್ದರು. ನನಗೆ ಆಪರೇಷನ್ ಮಾಡಿದ್ದ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ನಗಲಿಲ್ಲ. ನನಗೆ ಇದು ತಿಳಿಯದು, ಆದರೆ ಮಂಗಳೂರಿನಲ್ಲಿ ಕರುಳಿನ ಕಾಯಿಲೆಯ ಡಾಕ್ಟರೊಬ್ಬರಿದ್ದಾರೆ, ತೋರಿಸಿ ಎಂದರು. ಮಹೇಶ್ ಅವರ ಕಾರಿನಲ್ಲಿ ಚಾರ್ಮಾಡಿ ಘಾಟಿ ಇಳಿದು ಹೋದೆವು. ನಾನು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತಿದ್ದೆ.

ಮಂಗಳೂರಿನ ಆ ಡಾಕ್ಟರ್ ವೀಣಾ ಚಿಕ್ಕ ವಯಸ್ಸಿನವರು. ಮಹೇಶ್ ಅವರ ಕಡೆ ನೋಡದೆ ನನ್ನ ಕಡೆಯೇ ನೋಡಿ ಮಾತಾಡಿದರು. ಅತ್ತೆ ಸಂಕ್ರಾಂತಿಯ ಮಾರನೆಯ ದಿನದ್ದನ್ನು ಕಡುಬಿನಿಂದ ಹಿಡಿದು ಎಳ್ಳುಬೆಲ್ಲದ ತನಕ ಹೇಳಿದರು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. ಆಪರೇಷನ್ ಆದ ಮೇಲೆ ಆಂಟಿಬಯೋಟಿಕ್ ಎಷ್ಟು ಕಾಲ ತೆಗೆದುಕೊಂಡಿರಿ? ಮಳೆಗಾಲ ಪೂರ್ತಿ ಎಂದೆ. ಅದುವರೆಗೆ ಯಾರೂ ನನ್ನ ಹತ್ತಿರ ಅದನ್ನು ಕೇಳಿರಲಿಲ್ಲ.

ಪರೀಕ್ಷೆಗೆಂದು ನನ್ನನ್ನು ಒಂದು ಕೋಣೆಯಲ್ಲಿ ಇರಿಸಿದರು. ಚೀಲ ತೆಗೆದಿಟ್ಟರು, ಮನೆಯವರನ್ನು ಒಳಗೆ ಬಿಡಲಿಲ್ಲ, ನರ್ಸೊಬ್ಬಳು ಜೊತೆಯಲ್ಲೇ ಕೂತಳು. ರಾತ್ರಿಯಿಂದ ಉಪವಾಸ. ಬೆಳಿಗ್ಗೆ ಮೊದಲು ತೆಗೆದ ರಕ್ತದಲ್ಲಿ ಏನೂ ಇರಲಿಲ್ಲ. ಆಮೇಲೆ ಗ್ಲೂಕೋಸ್ ಕರಗಿಸಿದ ನೀರನ್ನು ದೊಡ್ಡ ಲೋಟದಲ್ಲಿ ಕುಡಿಸಿದರು. ಗಂಟೆಗಂಟೆಗೆ ರಕ್ತ ತೆಗೆದರು, ಬಾಯಿಗೆ ಯಂತ್ರ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ನಾನು ಆ ನರ್ಸಿಗೆ ನಿಮ್ಮ ಊರಿನ ಕಾಫಿಯಲ್ಲಿ ಬರೀ ಚಿಕೋರಿ ಎಂದು ಉಪನ್ಯಾಸ ಕೊಡುತ್ತಿದ್ದೆನಂತೆ. ಯಂತ್ರದ ಅಂಕಿ ಏರುತ್ತಲೇ ಹೋಗಿತ್ತು.

ಡಾಕ್ಟರ್ ವೀಣಾ ಮೂವರನ್ನೂ ಕೂರಿಸಿಕೊಂಡು ವಿವರಿಸಿದರು. ಹೊಟ್ಟೆಯಲ್ಲಿ ಎಲ್ಲರಿಗೂ ಒಳ್ಳೆಯ ಸೂಕ್ಷ್ಮಜೀವಿಗಳಿರುತ್ತವೆ, ಸ್ವಲ್ಪ ಬೂಷ್ಟಿನ ಜಾತಿಯ ಶಿಲೀಂಧ್ರಗಳೂ ಇರುತ್ತವೆ. ಆಂಟಿಬಯೋಟಿಕ್ ಒಳ್ಳೆಯವನ್ನು ಕೊಂದಿತು, ಇವು ಬೆಳೆದವು. ಸೇಂದಿ ಇಳಿಸಿಟ್ಟರೆ ಮಡಕೆಯಲ್ಲಿ ಹೇಗೆ ಹುಳಿಯುತ್ತದೋ ಹಾಗೆ, ತಿಂದ ಅನ್ನ, ಬೆಲ್ಲ, ಹಣ್ಣು ನಿಮ್ಮ ಕರುಳಿನಲ್ಲೇ ಹುಳಿತು ಮದ್ಯವಾಗುತ್ತಿದೆ. ಅದೇ ರಕ್ತಕ್ಕೆ ಹೋಗುತ್ತಿದೆ, ಉಸಿರಿನಲ್ಲಿ ಬರುತ್ತಿದೆ. ತೀರ ಅಪರೂಪ, ಆದರೆ ಇದೆ.

"ಹಾಗಾದ್ರೆ ಆ ಯಂತ್ರ ಸುಳ್ಳು ಹೇಳಿದ್ದಾ?" ಎಂದರು ಅತ್ತೆ.

"ಇಲ್ಲಮ್ಮ. ಯಂತ್ರ ಸರಿಯಾಗೇ ಹೇಳಿದೆ. ಇವ್ರು ಕುಡಿದಿದ್ದಾರೆ ಅಂತ ಅದು ಹೇಳ್ಲಿಲ್ಲ, ಒಳಗೆ ಮದ್ಯ ಇದೆ ಅಂತ ಹೇಳ್ತು. ಕುಡಿದಿದ್ದಾರೆ ಅಂತ ಅಂದ್ಕೊಂಡಿದ್ದು ನಾವು."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮಹೇಶ್ ಕೂಡ. ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಎದುರಿನ ಕಟ್ಟಡದ ತಾರಸಿಯ ಮೇಲೆ ಯಾರೋ ಹಾಸಿಗೆಯ ಚಾದರ ಕೊಡವುತ್ತಿದ್ದರು. ಯಂತ್ರ ಸರಿಯಾಗೇ ಹೇಳಿದೆ ಎಂಬ ಮಾತು ಮಾತ್ರ ನನ್ನ ಕಿವಿಯಲ್ಲಿ ನಿಂತಿತ್ತು. ಹಾಗಾದರೆ ದೀಪಾವಳಿಯಿಂದ ಡಿಸೆಂಬರಿನವರೆಗೆ, ದಿನಾ ಬೆಳಿಗ್ಗೆ ರೊಟ್ಟಿ ತಿಂದು, ಮಧ್ಯಾಹ್ನ ಅನ್ನ ಉಂಡು, ನಾನು ಆ ಮಕ್ಕಳನ್ನು ಕೂರಿಸಿಕೊಂಡು ಕೆರೆಯ ಏರಿಯ ಮೇಲೆ, ಎಸ್ಟೇಟಿನ ಇಳಿಜಾರಿನಲ್ಲಿ ಅಮಲಿನಲ್ಲೇ ವ್ಯಾನು ಓಡಿಸಿದ್ದೆ. ಗೊತ್ತಿಲ್ಲದೆ ಓಡಿಸಿದ್ದೆ. ವ್ಯಾನು ಕಂಬಕ್ಕೆ ಉಜ್ಜಿದ್ದು ಎಡಗಡೆ. ಆ ಕಡೆ ಕಿಟಕಿಯಲ್ಲಿ ಒಂದನೇ ಕ್ಲಾಸಿನ ಮಕ್ಕಳು ಕೂರುತ್ತಿದ್ದವು.

ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ, ನಿನ್ನದೇನು ತಪ್ಪು ಎಂದು ಸಮಾಧಾನ ಹೇಳುತ್ತಾರೆ. ತಪ್ಪಿಲ್ಲವೆಂದು ನನಗೂ ಗೊತ್ತಿತ್ತು.

ಶಿಲೀಂಧ್ರಕ್ಕೆ ಮಾತ್ರೆ ಕೊಟ್ಟರು. ಅಕ್ಕಿ, ಬೆಲ್ಲ, ಸಕ್ಕರೆ, ಬಾಳೆಹಣ್ಣು, ಗೆಣಸು ಎಲ್ಲ ಬಂದ್. ಅಕ್ಕಿಯಿಲ್ಲದೆ ನಮ್ಮ ಕಡೆಯ ಅಡಿಗೆಯೇ ಇಲ್ಲ. ಅತ್ತೆ ತಾವೂ ಕಡುಬು ಬಿಟ್ಟರು, ಬೇಡವೆಂದರೆ ಕೇಳಲಿಲ್ಲ. ಸೊಪ್ಪು, ಮೊಸರು, ತೆಂಗಿನಕಾಯಿ, ಪನೀರು ಎಂದು ಇಬ್ಬರಿಗೂ ಒಂದೇ ಅಡಿಗೆ. ಬೇಸಿಗೆಯಲ್ಲಿ ಒಂದು ಸಲ ಮದುವೆಮನೆಯಲ್ಲಿ ಆಸೆಗೆ ಹೋಳಿಗೆ ತಿಂದು ಮತ್ತೆ ಬಾಗಿಲಿಗೆ ಭುಜ ಹೊಡೆದುಕೊಂಡೆ. ಮತ್ತೆ ಮಂಗಳೂರು, ಮತ್ತೆ ಮಾತ್ರೆ. ನಿಧಾನಕ್ಕೆ ತಲೆ ತಿಳಿಯಾಯಿತು. ತಿಳಿಯಾದ ಮೇಲೆ ಸಂತೋಷ ಬರುತ್ತದೆಂದು ಕಾದೆ, ಬರಲಿಲ್ಲ.

ಕೋರ್ಟಿನಲ್ಲಿ ಡಾಕ್ಟರ್ ವೀಣಾ ಸ್ವತಃ ಬಂದು ಸಾಕ್ಷಿ ಹೇಳಿದರು. ನ್ಯಾಯಾಧೀಶರು ಬಹಳ ಪ್ರಶ್ನೆ ಕೇಳಿದರು, ಎಲ್ಲವನ್ನೂ ಬರೆಸಿಕೊಂಡರು. ಕೊನೆಗೆ ನನ್ನನ್ನು ನೋಡಿ ಈಗ ಗಾಡಿ ಓಡಿಸುತ್ತಿದ್ದೀರಾ ಎಂದರು. ಇಲ್ಲ ಸ್ವಾಮಿ ಎಂದೆ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಆರೋಪದಿಂದ ಬಿಡುಗಡೆಯಾಯಿತು. ಪೊಲೀಸರು ಕಿತ್ತುಕೊಂಡಿದ್ದ ಲೈಸೆನ್ಸು ವಾಪಸು ಬಂತು.

ತೀರ್ಪಿನ ದಿನ ಆ ಸಬ್ ಇನ್ಸ್‌ಪೆಕ್ಟರ್ ಹೊರಗೆ ಹಲಸಿನ ಮರದ ಕೆಳಗೆ ನಿಂತಿದ್ದರು. ನನ್ನನ್ನು ಕಂಡು ಟೋಪಿ ತೆಗೆದರು.

"ಅವತ್ತು ನೀವು ಕೇಳ್ದೆ ಇದ್ದಿದ್ರೆ ನಾನು ಬಿಟ್ಟುಬಿಡ್ತಿದ್ದೆ ಮೇಡಂ. ಎಷ್ಟು ತೊಂದ್ರೆ ಆಯ್ತು ನಿಮ್ಗೆ."

"ಬಿಟ್ಟಿದ್ರೆ ಕಷ್ಟ ಆಗ್ತಿತ್ತು ಸಾರ್," ಎಂದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ತಲೆ ಬಗ್ಗಿಸಿದರು.

ಆಮೇಲೆ ಬರುವವರೆಲ್ಲ ಬಂದರು. ಪೋಷಕರು ಹಣ್ಣು ತಂದರು. ನನಗೆ ತಿನ್ನುವಂತಿಲ್ಲವೆಂದು ನೆನಪಾಗಿ ಮುಜುಗರ ಪಟ್ಟರು. ಲಲಿತಾ ಮೇಡಂ ವ್ಯಾನು ನಿಮ್ಮದೇ, ಯಾವಾಗ ಬರುತ್ತೀರಿ ಎಂದರು. ಸದ್ಯ ಬೇಡ ಎಂದೆ. ಯಶೋದಾ ಬಾಗಿಲಿನ ಹತ್ತಿರವೇ ನಿಂತಿದ್ದಳು. ಒಳಗೆ ಬಾ ಎಂದು ಕರೆದು ಕೂರಿಸಿದೆ. ಇನ್ನು ಮೇಲೆ ಯಾರ ಬಾಯಿಂದಾದರೂ ವಾಸನೆ ಬಂದರೆ ಮೊದಲು ಅವರಿಗೇ ಹೇಳು, ನೋವು ಗೀವು ಆಮೇಲೆ ನೋಡಿಕೊಂಡರಾಯಿತು ಎಂದೆ. ಹೂಂ ಅಕ್ಕ ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಮತ್ತೆ ಕೊಯ್ಲು ಶುರುವಾಗುವ ಹೊತ್ತಿಗೆ ಕಳಸದಿಂದ ಅತ್ತೆಯ ಅಕ್ಕನಿಗೆ ಹುಷಾರಿಲ್ಲ ಎಂದು ಫೋನು ಬಂತು. ಮಹೇಶ್ ಕಾರಿನ ಬೀಗದ ಕೈ ತಂದರು. ಅತ್ತೆ ಅದನ್ನು ಅವರ ಕೈಯಿಂದ ತೆಗೆದು ನನ್ನ ಮುಂದೆ ಹಿಡಿದರು.

"ನೀನೇ ಓಡಿಸು. ಇವನು ಬ್ರೇಕ್ ಹಾಕಿದ್ರೆ ನನ್ನ ಸೊಂಟ ಮುರಿಯುತ್ತೆ."

ಬೇಡ ಅತ್ತೆ ಎಂದೆ. ಅವರು ಕೈ ಹಿಂದೆಗೆಯಲಿಲ್ಲ. ಬೆಳಿಗ್ಗೆ ನಾನು ತಿಂದದ್ದು ಸೊಪ್ಪಿನ ಪಲ್ಯ, ಮೊಸರು; ಅವರೂ ಅದನ್ನೇ ತಿಂದಿದ್ದರು. ಮಹೇಶ್ ಸುಮ್ಮನೆ ಹಿಂದಿನ ಬಾಗಿಲು ತೆಗೆದು ಕೂತರು. ಅತ್ತೆ ಮುಂದೆ, ನನ್ನ ಪಕ್ಕದಲ್ಲಿ ಕೂತರು. ಕಾರು ಹೊರಟಿತು. ಪೇಟೆ ದಾಟಿತು. ಎದುರಿಗೆ ಶಾಲೆಯ ಮಕ್ಕಳು ಸಾಲಾಗಿ ಬರುತ್ತಿದ್ದರು, ನಿಧಾನ ಮಾಡಿದೆ. ಕೊಟ್ಟಿಗೆಹಾರದಲ್ಲಿ ಸಣ್ಣಗೆ ಹನಿ ಹಾಕಿತು, ವೈಪರ್ ಹಾಕಿದೆ. ಕಳಸದ ರಸ್ತೆಗೆ ತಿರುಗಿದ ಮೇಲೆ ಅತ್ತೆಯ ಮಾತು ಕಡಿಮೆಯಾಯಿತು. ಪಕ್ಕಕ್ಕೆ ನೋಡಿದೆ. ಬಾಯಿ ಅರ್ಧ ತೆರೆದು, ತಲೆ ನನ್ನ ಕಡೆಗೆ ವಾಲಿಸಿ ನಿದ್ದೆ ಹೋಗಿದ್ದರು. ಮುಂದೆ ತಿರುವಿನ ಮೇಲೆ ತಿರುವು. ಗೇರು ಇಳಿಸಿ, ಅವರ ತಲೆ ಅಲುಗದ ಹಾಗೆ ಒಂದೊಂದನ್ನೇ ದಾಟಿದೆ.